ಐಸ್ ತಳ ಕಂದು ಯಾಕೆ? ಧ್ರುವ ಸಮುದ್ರದ ಮಂಜುಗಡ್ಡೆಯೊಳಗೆ ಬದುಕೋ ಸೂಕ್ಷ್ಮಜೀವಿಗಳ ಬಗ್ಗೆ ಒಬ್ಬ ಲೆಕ್ಚರರ್ ಕೇಳಿದ್ದು

ಪ್ರಶ್ನೆ: ನಾನು ಉತ್ತರ ಕನ್ನಡದ ಒಂದು ಡಿಗ್ರಿ ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ತೀನಿ. ಫೈನಲ್ ಇಯರ್ ಹುಡುಗಿ ಒಬ್ಬಳು ಧ್ರುವ ಪ್ರದೇಶದ ಸಮುದ್ರದ ಐಸ್ ಒಳಗಿರೋ ಸೂಕ್ಷ್ಮಜೀವಿಗಳ ಮೇಲೇ ಪ್ರಾಜೆಕ್ಟ್ ಮಾಡ್ತೀನಿ ಅಂತ ಹಠ ಹಿಡಿದಿದಾಳೆ. ಅವಳು ತೋರಿಸಿದ ವಿಡಿಯೋದಲ್ಲಿ ಹಡಗು ಐಸ್ ಒಡೆದು ಮಗುಚಿದಾಗ ತಳ ಪೂರ್ತಿ ಕಂದು ಬಣ್ಣ. ನೋಡಿದೋರೆಲ್ಲ ಮಾಲಿನ್ಯ ಅಂತಾರೆ, ಅವಳು ಪಾಚಿ ಅಂತಾಳೆ. ನಂಗೆ ತಲೆಗೆ ಹೋಗದೇ ಇರೋದು ಇಷ್ಟು: ಫ್ರಿಜ್ಜಲ್ಲಿಟ್ರೆ ಆಹಾರ ಕೆಡಲ್ಲ, ಉಪ್ಪು ಹಾಕಿದ್ರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡಲ್ಲ, ಈ ಎರಡೂ ಒಟ್ಟಿಗೇ ಇರೋ ಜಾಗದಲ್ಲಿ ಜೀವ ಹೇಗೆ ಬೆಳೆಯತ್ತೆ? ಐಸ್ ಕರಗಿದ್ರೆ ಹಳೇ ಕಾಲದ ರೋಗಾಣು ಹೊರಗೆ ಬರತ್ತೆ ಅಂತ ಹುಡುಗರು ಹೆದರ್ತಾರೆ, ಅದು ನಿಜಾನಾ? ಐಸ್ ಕಮ್ಮಿ ಆದ್ರೆ ಬೆಳಕು ಜಾಸ್ತಿ, ಪಾಚಿ ಜಾಸ್ತಿ, ಒಳ್ಳೇದೇ ಅಲ್ವಾ ಅಂತ ನಮ್ಮ ಸ್ಟಾಫ್ ರೂಮಲ್ಲಿ ಒಬ್ರು ವಾದ ಮಾಡ್ತಾರೆ. ಕೊನೇದಾಗಿ, ನಮ್ಮ ಲ್ಯಾಬಲ್ಲಿ ಇರೋದು ಒಂದು ಡೀಪ್ ಫ್ರೀಜರ್, ಒಂದೆರಡು ಮೈಕ್ರೋಸ್ಕೋಪ್. ಇದರಲ್ಲಿ ಏನಾದ್ರೂ ಮಾಡಿಸಬಹುದಾ, ಇಲ್ಲ ಬೇರೆ ಟಾಪಿಕ್ ತಗೋ ಅಂತ ಹೇಳಲಾ?

ಉತ್ತರ: ಮೇಡಂ, ಕೊನೇ ಪ್ರಶ್ನೆಗೆ ಮೊದಲೇ ಹೇಳಿಬಿಡ್ತೀನಿ, ಟಾಪಿಕ್ ಬದಲಾಯಿಸಬೇಡಿ. ಹುಡುಗಿ ಹೇಳಿದ್ದು ಸರಿ, ಅದು ಪಾಚಿನೇ. ಹೇಗೆ ಮಾಡಿಸಬಹುದು, ಎಲ್ಲಿ ಎಡವಬಹುದು ಅನ್ನೋದನ್ನ ಆಮೇಲೆ ಬರೀತೀನಿ.

ನೀವು ನಾಲ್ಕೈದು ಪ್ರಶ್ನೆ ಕೇಳಿದ್ರೂ ಒಳಗೆ ಇರೋ ಗೊಂದಲ ಒಂದೇ ಅಂತ ನಂಗೆ ಅನ್ಸತ್ತೆ. ಐಸ್ ಅಂದ್ರೆ ಒಂದು ಗಟ್ಟಿ ದಿಮ್ಮಿ, ಅದರೊಳಗೆ ಏನಾದ್ರೂ ಜೀವ ಇದ್ರೆ ಅದು ಸಿಕ್ಕಿಹಾಕ್ಕೊಂಡು ಸುಮ್ನೆ ಬಿದ್ದಿರತ್ತೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಕೆರೆ ನೀರಿನ ಐಸ್‌ಗೆ, ಫ್ರೀಜರ್ ಟ್ರೇ ಐಸ್‌ಗೆ ಅದು ಹೆಚ್ಚುಕಮ್ಮಿ ನಿಜಾನೂ ಹೌದು. ಆದ್ರೆ ಸಮುದ್ರದ ಐಸ್ ಯಾವತ್ತೂ ಪೂರ್ತಿ ಗಟ್ಟಿ ಆಗಲ್ಲ. ಅದರೊಳಗೆ ಸದಾ ಒಂದಿಷ್ಟು ದ್ರವ ಉಳ್ಕೊಂಡಿರತ್ತೆ, ಸೂಕ್ಷ್ಮಜೀವಿಗಳ ಸಂಸಾರ ಎಲ್ಲ ನಡೆಯೋದು ಆ ದ್ರವದಲ್ಲಿ. ಹಾಗಾಗಿ "ಐಸಲ್ಲಿ ಜೀವ ಹೇಗೆ" ಅಂತ ಕೇಳೋ ಬದಲು "ಆ ದ್ರವ ಎಷ್ಟಿದೆ, ಎಷ್ಟು ಉಪ್ಪಿದೆ, ಅದಕ್ಕೆ ಬೆಳಕು ಬೀಳತ್ತಾ, ಕೆಳಗಿನ ಸಮುದ್ರದ ಜೊತೆ ಅದಕ್ಕೆ ಸಂಪರ್ಕ ಇದ್ಯಾ" ಅಂತ ಕೇಳಿದ್ರೆ ಎಲ್ಲಾ ಉತ್ತರ ತಾನಾಗೇ ಬಿಚ್ಕೊಳ್ಳತ್ತೆ.

ಬಣ್ಣದ ವಿಷಯ ಮೊದಲು ಮುಗಿಸೋಣ. ಐಸ್ ತಳದ ಕಂದು ಬಣ್ಣ ಹೊಸ ಸುದ್ದಿ ಏನಲ್ಲ. 1839ರಿಂದ 1843ರವರೆಗೆ ಜೇಮ್ಸ್ ಕ್ಲಾರ್ಕ್ ರಾಸ್ ಅಂಟಾರ್ಕ್ಟಿಕಾ ಕಡೆ ಹೋದಾಗ ಜೊತೇಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಹುಕರ್ ಐಸ್ ಮೇಲಿನ ಕಂದು ಕಲೆಗಳನ್ನ ನೋಡಿ ಇದು ಡಯಾಟಮ್ ಅಂತ ಗುರುತಿಸಿದ್ರು. ಆಗ ಪ್ಲಾಸ್ಟಿಕ್ಕೂ ಇರ್ಲಿಲ್ಲ, ಅಲ್ಲಿ ತೈಲದ ಹಡಗೂ ಓಡಾಡ್ತಿರ್ಲಿಲ್ಲ. ಡಯಾಟಮ್ ಅಂದ್ರೆ ಗಾಜಿನಂಥ ಸಿಲಿಕಾ ಚಿಪ್ಪಿರೋ ಏಕಕೋಶ ಪಾಚಿ. ಇವುಗಳಲ್ಲಿ ಕ್ಲೋರೋಫಿಲ್ ಜೊತೆ ಫ್ಯೂಕೋಝಾಂಥಿನ್ ಅನ್ನೋ ವರ್ಣದ್ರವ್ಯ ಇರತ್ತೆ, ಐಸ್ ಕೆಳಗೆ ತಲುಪೋ ನೀಲಿ ಹಸಿರು ಬೆಳಕನ್ನ ಹಿಡಿಯೋಕೆ ಅದು ಬಹಳ ಚೆನ್ನಾಗಿ ಕೆಲಸ ಮಾಡತ್ತೆ, ಕಂದು ಬಣ್ಣ ಬರೋದು ಅದರಿಂದಾನೇ. ಉತ್ತರ ಧ್ರುವದ ಕಡೆ ನಿಟ್ಸ್ಚಿಯಾ ಫ್ರಿಜಿಡಾ ಅನ್ನೋ ಜಾತಿ ತಳದಲ್ಲಿ ಜಾಸ್ತಿ, ಮೆಲೋಸಿರಾ ಆರ್ಕ್ಟಿಕಾ ಅನ್ನೋದಂತೂ ಐಸ್ ಕೆಳಗೆ ಉದ್ದುದ್ದ ಎಳೆ ಎಳೆಯಾಗಿ ಜೋತಾಡ್ತಿರತ್ತೆ. ಫ್ರಾಜಿಲಾರಿಯಾಪ್ಸಿಸ್ ಸಿಲಿಂಡ್ರಸ್ ಎರಡೂ ಧ್ರುವದಲ್ಲಿ ಸಿಗತ್ತೆ, 2017ರಲ್ಲಿ ಅದರ ಜೀನೋಮ್ ಪ್ರಕಟ ಆಗಿದೆ, ನಿಮ್ಮ ವಿದ್ಯಾರ್ಥಿನಿ ಅದನ್ನ ನೋಡ್ಲೇಬೇಕು.

ಹಾಗಂತ ಅಲ್ಲಿ ಮಾಲಿನ್ಯನೇ ಇಲ್ಲ ಅಂತಲ್ಲ. 2018ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯವರು ಆರ್ಕ್ಟಿಕ್ ಐಸ್ ಕರಗಿಸಿ ನೋಡಿದಾಗ ಕೆಲವು ಕಡೆ ಒಂದು ಲೀಟರಿಗೆ 12,000ದವರೆಗೂ ಮೈಕ್ರೋಪ್ಲಾಸ್ಟಿಕ್ ಕಣ ಸಿಕ್ಕಿದ್ವು. ಅದು ಕಣ್ಣಿಗೆ ಕಾಣಲ್ಲ. ಕಾಣೋ ಕಂದು ಬಣ್ಣ ಜೀವದ್ದು, ಕೊಳೆ ಇರೋದು ಕಾಣದೇ ಇರೋ ಕಡೆ.

ಈಗ ಅಸಲು ವಿಷಯ, ಐಸ್ ಹುಟ್ಟೋದು. ಸಮುದ್ರದ ನೀರಲ್ಲಿ ಕೆಜಿಗೆ ಸುಮಾರು 35 ಗ್ರಾಂ ಉಪ್ಪಿರತ್ತೆ, ಹಾಗಾಗಿ ಅದು ಸೊನ್ನೆಗೆ ಹೆಪ್ಪುಗಟ್ಟಲ್ಲ, ಮೈನಸ್ 1.8 ಡಿಗ್ರಿಗೆ ಹೆಪ್ಪುಗಟ್ಟತ್ತೆ. ಮೊದಲು ನೀರಲ್ಲಿ ಸಣ್ಣ ಸಣ್ಣ ಹರಳು ಹುಟ್ಟಿ ಮೇಲಕ್ಕೆ ತೇಲ್ಕೊಂಡು ಬರ್ತವೆ, ಬರೋ ದಾರೀಲಿ ನೀರಲ್ಲಿರೋ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಅವಕ್ಕೆ ಅಂಟ್ಕೊಂಡು ಬರತ್ತೆ, ಅದಕ್ಕೇ ಆಗ ತಾನೇ ಹುಟ್ಟಿದ ಐಸಲ್ಲಿ ಕೆಳಗಿನ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಜೀವಕೋಶ ಸಿಗೋದುಂಟು. ಆಮೇಲೆ ಐಸ್ ಕೆಳಮುಖವಾಗಿ ಬೆಳೀತಾ ಹೋಗತ್ತೆ. ಐಸ್ ಹರಳಿನ ಜೋಡಣೆಯಲ್ಲಿ ಉಪ್ಪಿಗೆ ಜಾಗ ಇಲ್ಲ, ನೀರು ಮಾತ್ರ ಹರಳಾಗತ್ತೆ, ಉಪ್ಪು ಹೊರಗೆ ತಳ್ಳಿಸ್ಕೊಳ್ಳತ್ತೆ. ಬಹುಪಾಲು ಕೆಳಗೆ ಸಮುದ್ರಕ್ಕೆ ಇಳಿಯತ್ತೆ, ಉಳಿದಿದ್ದು ಹರಳುಗಳ ಮಧ್ಯೆ ಗಾಢ ಉಪ್ಪುನೀರಾಗಿ ಉಳೀತದೆ. ಇದಕ್ಕೆ ನಾವು ಬ್ರೈನ್ ಅಂತೀವಿ. ಕೂದಲೆಳೆಗಿಂತ ಸಣ್ಣ ಸಂದಿಯಿಂದ ಹಿಡಿದು ಮಿಲಿಮೀಟರುಗಟ್ಟಲೆ ಅಗಲದ ಕೊಳವೆವರೆಗೂ ಇದರ ಜಾಲ ಇರತ್ತೆ. ಕೋರ್, ಅಂದ್ರೆ ಐಸನ್ನ ಮೇಲಿಂದ ಕೆಳಗೆ ಕೊರೆದು ತೆಗೆಯೋ ಉದ್ದ ಕಂಬ, ಅದನ್ನ ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದ್ರೆ ತಳದ ಕಡೆ ತೂತುಗಳು ಬರಿಗಣ್ಣಿಗೇ ಕಾಣ್ತವೆ.

ಇನ್ನು ನಿಮ್ಮ ಉಪ್ಪಿನಕಾಯಿ ಪ್ರಶ್ನೆ. ನಂಗೆ ಬಹಳ ಇಷ್ಟ ಆಯ್ತು, ಯಾಕಂದ್ರೆ ಕೇಳಬೇಕಾದ ಪ್ರಶ್ನೆ ಅದೇ. ಉಪ್ಪಿನಕಾಯಿ ಕೆಡದೇ ಇರೋದು ಉಪ್ಪು ವಿಷ ಅನ್ನೋ ಕಾರಣಕ್ಕಲ್ಲ, ಉಪ್ಪು ಜೀವಕೋಶದೊಳಗಿನ ನೀರನ್ನ ಹೊರಗೆ ಎಳ್ಕೊಳ್ಳತ್ತೆ ಅನ್ನೋ ಕಾರಣಕ್ಕೆ. ಫ್ರೀಜರಲ್ಲೂ ಅಷ್ಟೇ, ಚಳಿ ನೇರವಾಗಿ ಕೊಲ್ಲೋದಕ್ಕಿಂತ ಬಳಸೋಕೆ ದ್ರವ ರೂಪದ ನೀರೇ ಸಿಗದಂಗೆ ಮಾಡತ್ತೆ, ರಾಸಾಯನಿಕ ಕ್ರಿಯೆಗಳನ್ನ ನಿಧಾನ ಮಾಡತ್ತೆ, ಹರಳು ಚುಚ್ಚಿ ಪೊರೆ ಹರಿಯತ್ತೆ. ಆದ್ರೂ ಎಲ್ಲ ಸಾಯಲ್ಲ. ನಾವು ಲ್ಯಾಬಲ್ಲಿ ಬ್ಯಾಕ್ಟೀರಿಯಾನ ಗ್ಲಿಸರಾಲ್ ಹಾಕಿ ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಜೋಪಾನ ಮಾಡೋದೇ ಅದರ ಸಾಕ್ಷಿ, ಇನ್ನು ಆಹಾರದಿಂದ ಕಾಯಿಲೆ ತರೋ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಅಂತೂ ಮಾಮೂಲಿ ಫ್ರಿಜ್ಜಲ್ಲೇ ಆರಾಮಾಗಿ ಬೆಳೆಯತ್ತೆ. ಅಂದ್ರೆ ಚಳಿ ಮತ್ತೆ ಉಪ್ಪು ಎರಡೂ ಕೊನೆಗೆ ಕೇಳೋದು ಒಂದೇ ಪ್ರಶ್ನೆ, ನಿಂಗೆ ನೀರು ಸಿಗತ್ತಾ ಇಲ್ವಾ. ಸಮುದ್ರದ ಐಸಲ್ಲಿ ಮಜಾ ಏನಪ್ಪಾ ಅಂದ್ರೆ ಅದೇ ಉಪ್ಪು ನೀರನ್ನ ದ್ರವವಾಗಿ ಉಳಿಸತ್ತೆ. ಉಪ್ಪಿಲ್ಲದಿದ್ರೆ ಅಲ್ಲಿ ಜಾಗಾನೇ ಇರ್ತಿರ್ಲಿಲ್ಲ. ಕಷ್ಟ ಕೊಡೋದೂ ಅದೇ, ಬದುಕಿಸೋದೂ ಅದೇ.

ಲೆಕ್ಕ ಹೇಳಿದ್ರೆ ಇನ್ನೂ ಸ್ಪಷ್ಟ ಆಗತ್ತೆ. ಬ್ರೈನ್ ಎಷ್ಟು ಉಪ್ಪಿರಬೇಕು ಅನ್ನೋದನ್ನ ತಾಪಮಾನವೇ ತೀರ್ಮಾನ ಮಾಡತ್ತೆ. ಐಸ್ ಮೈನಸ್ 5 ಡಿಗ್ರಿ ಇದ್ರೆ ಬ್ರೈನಲ್ಲಿ ಕೆಜಿಗೆ 85 ಗ್ರಾಂ ಆಸುಪಾಸು ಉಪ್ಪು, ಮೈನಸ್ 10ಕ್ಕೆ ಸುಮಾರು 145, ಮೈನಸ್ 20ಕ್ಕೆ 200 ದಾಟತ್ತೆ, ಅಂದ್ರೆ ಸಮುದ್ರಕ್ಕಿಂತ ಆರು ಪಟ್ಟು. ಉಪ್ಪು ಗಾಢ ಆದಂಗೆಲ್ಲ ಜಾಗ ಕುಗ್ಗತ್ತೆ. ಒಟ್ಟಾರೆ ಕೆಜಿಗೆ 5 ಗ್ರಾಂ ಉಪ್ಪು ಉಳಿದಿರೋ ಐಸ್ ತಗೊಂಡ್ರೆ ಮೈನಸ್ 2 ಡಿಗ್ರಿಯಲ್ಲಿ ಅದರ ಗಾತ್ರದಲ್ಲಿ ಶೇಕಡಾ 12ರಷ್ಟು ದ್ರವ, ಮೈನಸ್ 5ಕ್ಕೆ ಶೇಕಡಾ 5, ಮೈನಸ್ 20ಕ್ಕೆ ಬರೀ ಒಂದೂವರೆ. ಈ ಶೇಕಡಾ 5 ಅನ್ನೋದು ಒಂದು ಗಡಿ. ಅದಕ್ಕಿಂತ ಮೇಲಿದ್ರೆ ಕೊಳವೆಗಳು ಒಂದಕ್ಕೊಂದು ಸೇರಿ ದ್ರವ ಓಡಾಡತ್ತೆ, ಕೆಳಗಿಳಿದ್ರೆ ತುಂಡು ತುಂಡಾಗಿ ಬೇರೆ ಬೇರೆ ಗುಳಿಗಳಾಗಿ ಮುಚ್ಚಿಹೋಗತ್ತೆ. 1998ರಲ್ಲಿ ಗಣಿತಜ್ಞ ಕೆನ್ ಗೋಲ್ಡನ್ ಮತ್ತವರ ಜೊತೆಯವರು ಇದನ್ನ ತೋರಿಸಿದ್ರು, ಮೈನಸ್ 5 ಡಿಗ್ರಿ, 5 ಗ್ರಾಂ ಉಪ್ಪು, ಶೇಕಡಾ 5 ದ್ರವ ಅಂತ ಮೂರೂ ಐದು ಬರೋದ್ರಿಂದ ನಮ್ಮಲ್ಲಿ ಐದರ ನಿಯಮ ಅಂತಾನೇ ಕರೀತಾರೆ. ಪರೀಕ್ಷೇಲಿ ಹುಡುಗರಿಗೆ ನೆನಪಿಟ್ಕೊಳ್ಳೋಕೂ ಸುಲಭ.

ಈ ಗಡಿ ಸೂಕ್ಷ್ಮಜೀವಿಗೆ ಯಾಕೆ ಮುಖ್ಯ ಅಂದ್ರೆ, ಕೊಳವೆ ತೆರೆದಿದ್ರೆ ಕೆಳಗಿನ ಸಮುದ್ರದಿಂದ ನೈಟ್ರೇಟ್, ಸಿಲಿಕೇಟ್ ಥರದ ಪೋಷಕಾಂಶ ಬರತ್ತೆ, ಒಳಗಿನ ಗಲೀಜು ಹೊರಗೆ ಹೋಗತ್ತೆ. ಮುಚ್ಚಿದ್ರೆ ಇದ್ದಷ್ಟರಲ್ಲೇ ಜೀವನ. ಬೆಳಕಿರೋ ಹೊತ್ತಲ್ಲಿ ಮುಚ್ಚಿದ ಗುಳಿಯಲ್ಲಿ ಪಾಚಿ ದ್ಯುತಿಸಂಶ್ಲೇಷಣೆ ಮಾಡ್ತಾ ಹೋದ್ರೆ ಕಾರ್ಬನ್ ಡೈಆಕ್ಸೈಡ್ ಖಾಲಿ ಆಗಿ ಪಿಎಚ್ ಹತ್ತರ ಹತ್ರ ಏರೋದುಂಟು, ಆಕ್ಸಿಜನ್ ಉಸಿರುಗಟ್ಟೋ ಅಷ್ಟು ತುಂಬ್ಕೊಳ್ಳತ್ತೆ, ಹೌದು, ಆಕ್ಸಿಜನ್ ಜಾಸ್ತಿ ಆದ್ರೂ ಕೋಶಕ್ಕೆ ಹಾನಿನೇ. ಪಕ್ಕದಲ್ಲೇ ಬ್ಯಾಕ್ಟೀರಿಯಾ ಗುಂಪು ಸೇರಿ ಕೊಳೆಸ್ತಿರೋ ಇನ್ನೊಂದು ಗುಳಿಯಲ್ಲಿ ಆಕ್ಸಿಜನ್ನೇ ಇರಲ್ಲ. ಒಂದೇ ಐಸ್ ತುಂಡಲ್ಲಿ ಒಂದೆರಡು ಸೆಂಟಿಮೀಟರ್ ಅಂತರದಲ್ಲಿ ಎರಡು ಬೇರೆ ಲೋಕ. ಅದಕ್ಕೇ ಒಂದು ಕೋರ್ ತೆಗೆದು ಇಡೀ ಪ್ರದೇಶದ ಬಗ್ಗೆ ತೀರ್ಪು ಕೊಡೋ ಪೇಪರ್ ನೋಡಿದ್ರೆ ನಂಗೆ ಸ್ವಲ್ಪ ಅನುಮಾನ.

ಮೇಲಿಂದ ಕೆಳಗೆ ಹೋಗ್ತಾ ಪರಿಸ್ಥಿತಿ ಹೇಗೆ ಬದಲಾಗತ್ತೆ ನೋಡಿ. ಆರ್ಕ್ಟಿಕ್ ಚಳಿಗಾಲದಲ್ಲಿ ಗಾಳಿ ಮೈನಸ್ 30 ಇದ್ರೂ ಐಸ್ ತಳ ಮಾತ್ರ ಯಾವಾಗ್ಲೂ ಮೈನಸ್ 1.8 ಹತ್ರಾನೇ, ಯಾಕಂದ್ರೆ ಅದು ಸಮುದ್ರಕ್ಕೆ ತಾಗ್ಕೊಂಡಿದೆ. ಒಂದೂವರೆ ಮೀಟರ್ ದಪ್ಪದೊಳಗೆ ಇಪ್ಪತ್ತು ಇಪ್ಪತ್ತೈದು ಡಿಗ್ರಿ ವ್ಯತ್ಯಾಸ! ಮೇಲೆ ಗಾಢ ಉಪ್ಪು, ಕಮ್ಮಿ ಜಾಗ, ಆದ್ರೆ ಬೆಳಕು ಜಾಸ್ತಿ. ಕೆಳಗೆ ಬೆಚ್ಚಗೆ (ಅವುಗಳ ಲೆಕ್ಕದಲ್ಲಿ!), ಹಿತವಾದ ಉಪ್ಪು, ಪೋಷಕಾಂಶ ಕೈಗೆಟುಕತ್ತೆ, ಆದ್ರೆ ಕತ್ತಲು. ಪಾಚಿ ಆರಿಸ್ಕೊಂಡಿದ್ದು ಕತ್ತಲಿರೋ ತಳಾನ. ಆರ್ಕ್ಟಿಕ್‌ನಲ್ಲಿ ಸಾಮಾನ್ಯವಾಗಿ ಕೊನೇ ಕೆಲವೇ ಸೆಂಟಿಮೀಟರಲ್ಲಿ ಬಹುಪಾಲು ಪಾಚಿ ಇರತ್ತೆ. ಕಮ್ಮಿ ಬೆಳಕಿಗೆ ಒಗ್ಗಿಕೊಳ್ಳೋದು ಅವಕ್ಕೆ ಸಾಧ್ಯ, ಪೋಷಕಾಂಶ ಇಲ್ಲದೇ ಇರೋದಕ್ಕೆ ಆಗಲ್ಲ.

ಇಲ್ಲಿ ಹಿಮದ ಆಟ ಬಹಳ ವಿಚಿತ್ರ. ಐಸ್ ಮೇಲೆ ಬಿದ್ದ ಹಿಮ ಚಳೀನ ತಡೆದು ಐಸನ್ನ ಬೆಚ್ಚಗಿಡತ್ತೆ, ಕೊಳವೆ ತೆರೆದಿರತ್ತೆ, ಅದು ಲಾಭ. ಆದ್ರೆ ಅದೇ ಹಿಮ ಬೆಳಕನ್ನ ವಾಪಸ್ ಎಸೆಯತ್ತೆ, ದಪ್ಪ ಹಿಮ ಇದ್ರೆ ಮೇಲೆ ಬಿದ್ದ ಬೆಳಕಲ್ಲಿ ಶೇಕಡಾ ಒಂದೂ ಕೆಳಗೆ ತಲುಪಲ್ಲ. ಐಸ್ ದಪ್ಪಕ್ಕಿಂತ ಹಿಮದ ದಪ್ಪವೇ ವಸಂತದಲ್ಲಿ ಪಾಚಿ ಯಾವಾಗ ಶುರು ಆಗತ್ತೆ ಅನ್ನೋದನ್ನ ಹೆಚ್ಚಾಗಿ ನಿರ್ಧರಿಸತ್ತೆ. ಇನ್ನೊಂದು ಮಾತು, ಇದ್ದಕ್ಕಿದ್ದ ಹಾಗೆ ಹಿಮ ಕರಗಿ ಬೆಳಕು ನುಗ್ಗಿದ್ರೆ ಖುಷಿ ಪಡೋ ಬದಲು ತಳದ ಪಾಚಿ ಸುಟ್ಟುಹೋದಂಗೆ ಆಗ್ತವೆ, ಕತ್ತಲಿಗೆ ಹೊಂದಿಸ್ಕೊಂಡ ಯಂತ್ರಕ್ಕೆ ಅಷ್ಟೊಂದು ಬೆಳಕು ತಡ್ಕೊಳ್ಳೋಕೆ ಆಗಲ್ಲ. ಫೀಲ್ಡಲ್ಲಿ ಕೋರ್ ಮೇಲೆ ತೆಗೆದ ಕೂಡ್ಲೇ ಕಪ್ಪು ಚೀಲ ಮುಚ್ಚೋದು ಇದೇ ಕಾರಣಕ್ಕೆ.

ಹಾಗಾದ್ರೆ ಅವು ತಡ್ಕೊಳ್ಳೋದು ಹೇಗೆ? ಮೂರ್ನಾಲ್ಕು ಉಪಾಯ ಇದೆ. ಕೋಶದೊಳಗೆ ಪ್ರೋಲಿನ್, ಗ್ಲೈಸಿನ್ ಬೀಟೈನ್, ಪಾಚಿಯಲ್ಲಿ ಡಿಎಮ್‌ಎಸ್‌ಪಿ ಅನ್ನೋ ಗಂಧಕದ ಸಂಯುಕ್ತ, ಇವನ್ನ ತುಂಬ್ಕೊಂಡು ಹೊರಗಿನ ಉಪ್ಪಿಗೆ ಒಳಗಿಂದ ಸಮ ಮಾಡ್ಕೊಳ್ತವೆ, ನೀರು ಹೊರಗೆ ಹೋಗಲ್ಲ. ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲ ಜಾಸ್ತಿ ಮಾಡ್ಕೊಂಡು ಚಳೀಲೂ ಅದು ಗಟ್ಟಿಯಾಗದಂಗೆ ನೋಡ್ಕೊಳ್ತವೆ. ಚಳೀಲಿ ಕೆಲಸ ಮಾಡೋ ಸಡಿಲ ರಚನೆಯ ಎನ್‌ಜೈಮ್ ಇರತ್ತೆ. ಐಸಿಗೆ ಅಂಟ್ಕೊಂಡು ಹರಳು ದೊಡ್ಡದಾಗದಂಗೆ ತಡೆಯೋ ಪ್ರೋಟೀನನ್ನ ಹೊರಗೆ ಬಿಡ್ತವೆ. ನಂಗೆ ಎಲ್ಲಕ್ಕಿಂತ ಆಸಕ್ತಿ ಅನ್ಸೋದು ಲೋಳೆ. ಡಯಾಟಮ್ಮೂ ಬ್ಯಾಕ್ಟೀರಿಯಾನೂ ಸಕ್ಕರೆ ಸರಪಳಿಯ ಲೋಳೆ ಸುರಿಸ್ತವೆ, ಆ ಲೋಳೆ ಇದ್ದ ಕಡೆ ಐಸಿನ ತೂತುಗಳ ಆಕಾರವೇ ಬದಲಾಗಿ ಅಂಕುಡೊಂಕಾಗತ್ತೆ, ಉಪ್ಪು ಅಷ್ಟು ಬೇಗ ಸೋರಿ ಹೋಗಲ್ಲ. ಅಂದ್ರೆ ಪರಿಸರ ಸೂಕ್ಷ್ಮಜೀವಿಯನ್ನ ರೂಪಿಸತ್ತೆ ಅಂತ ಸಿಲೆಬಸ್ಸಲ್ಲಿ ಬರೆದಿರ್ತೀವಿ, ಇಲ್ಲಿ ಸೂಕ್ಷ್ಮಜೀವಿ ತಿರುಗಿ ಪರಿಸರವನ್ನೂ ತಿದ್ದತ್ತೆ.

ಎಷ್ಟು ಚಳಿವರೆಗೂ ಬದುಕು ನಡೆಯತ್ತೆ ಅಂತ ಹುಡುಗರು ಖಂಡಿತ ಕೇಳ್ತಾರೆ. ಅಲಾಸ್ಕಾದ ಪಾಯಿಂಟ್ ಬ್ಯಾರೋ ಹತ್ರದ ಐಸಿಂದ ತೆಗೆದ ಸೈಕ್ರೋಮೋನಾಸ್ ಇಂಗ್ರಹಾಮಿ ಅನ್ನೋ ಬ್ಯಾಕ್ಟೀರಿಯಾ ಮೈನಸ್ 12 ಡಿಗ್ರಿಯಲ್ಲೂ ಬೆಳೆಯತ್ತೆ, ಒಂದು ಎರಡಾಗೋಕೆ 240 ಗಂಟೆ, ಅಂದ್ರೆ ಹತ್ತು ದಿನ. ನಮ್ಮ ಕರುಳಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಮಾಡೋ ಕೆಲಸ. 2004ರಲ್ಲಿ ಕಾರೆನ್ ಯುಂಗೆ, ಹಾಯೋ ಐಕೆನ್, ಜೋಡಿ ಡೆಮಿಂಗ್ ಚಳಿಗಾಲದ ಆರ್ಕ್ಟಿಕ್ ಐಸಲ್ಲಿ ಮೈನಸ್ 20ರಲ್ಲೂ ಬ್ಯಾಕ್ಟೀರಿಯಾ ಚಟುವಟಿಕೆ ಇರೋದನ್ನ ತೋರಿಸಿದ್ರು. ಅದು ಬೆಳವಣಿಗೆ ಅಲ್ಲ, ಉಸಿರಾಟ ನಡೀತಿದೆ ಅಂತ ಅಷ್ಟೇ, ಈ ಎರಡನ್ನ ಹುಡುಗರು ಬೆರೆಸ್ಕೊಳ್ಳದಂಗೆ ನೋಡ್ಕೊಳ್ಳಿ.

ಎರಡು ಧ್ರುವ ಒಂದೇ ಅಂದ್ಕೋಬೇಡಿ. ಅಂಟಾರ್ಕ್ಟಿಕಾದಲ್ಲಿ ಹಿಮ ಜಾಸ್ತಿ ಬೀಳತ್ತೆ, ಆ ಭಾರಕ್ಕೆ ಐಸ್ ನೀರಿನ ಮಟ್ಟಕ್ಕಿಂತ ಕೆಳಗೆ ಕುಸಿದು ಸಮುದ್ರದ ನೀರು ಐಸಿಗೂ ಹಿಮಕ್ಕೂ ಮಧ್ಯೆ ನುಗ್ಗತ್ತೆ, ಹಾಗಾಗಿ ಅಲ್ಲಿ ತಳದಲ್ಲಷ್ಟೇ ಅಲ್ಲ, ಮೇಲ್ಭಾಗದಲ್ಲೂ ಪಾಚಿಯ ಪಟ್ಟಿ ಸಿಗತ್ತೆ. ಅಲ್ಲಿನ ಮೆಕ್‌ಮರ್ಡೋ ಸೌಂಡ್ ಥರದ ಕಡೆ ಐಸ್ ಶೆಲ್ಫ್ (ನೆಲದ ಹಿಮನದಿ ಸಮುದ್ರದ ಮೇಲೆ ಚಾಚಿ ತೇಲೋ ದಪ್ಪ ಐಸ್) ಕೆಳಗಿಂದ ಬರೋ ಅತಿ ತಣ್ಣನೆ ನೀರಲ್ಲಿ ತಟ್ಟೆ ತಟ್ಟೆಯಂಥ ಹರಳು ಹುಟ್ಟಿ ತಳದಲ್ಲಿ ರಾಶಿ ಬೀಳತ್ತೆ, ಅದರ ಸಂದಿಯಲ್ಲಿ ಸಿಗೋ ಪಾಚಿ ಪ್ರಮಾಣ ನೋಡಿದ್ರೆ ಇದು ಐಸಾ ಹೊಲಾನಾ ಅನ್ಸತ್ತೆ. ಚಳಿಗಾಲದಲ್ಲಿ ನೀರಲ್ಲಿ ತಿನ್ನೋಕೆ ಏನೂ ಇಲ್ಲದಾಗ ಕ್ರಿಲ್ ಅನ್ನೋ ಸಿಗಡಿಯಂಥ ಸಣ್ಣ ಜೀವಿಯ ಮರಿಗಳು ಐಸ್ ತಳ ಕೆರೆದು ತಿಂದು ಬದುಕ್ತವೆ.

ಹಳೇ ರೋಗಾಣು ವಿಷಯ. ಇಲ್ಲಿ ಮೂರು ಬೇರೆ ಬೇರೆ ಐಸನ್ನ ಜನ ಒಂದೇ ಅಂದ್ಕೊಂಡಿರೋದೇ ತೊಂದರೆ: ನೆಲದೊಳಗೆ ಹೆಪ್ಪುಗಟ್ಟಿದ ಪರ್ಮಾಫ್ರಾಸ್ಟ್, ಭೂಮಿ ಮೇಲಿನ ಹಿಮನದಿ, ಸಮುದ್ರದ ಐಸ್. ನೀವು ಕೇಳಿರೋ ಕತೆಗಳೆಲ್ಲ ಹೆಚ್ಚಾಗಿ ಪರ್ಮಾಫ್ರಾಸ್ಟ್‌ದು. 2014ರಲ್ಲಿ ಪ್ರಕಟವಾದ 30,000 ವರ್ಷ ಹಳೇ ಪಿಥೋವೈರಸ್ ಸೈಬೀರಿಯಾದ ನೆಲದಿಂದ ಬಂದಿದ್ದು, ಅದೂ ಅಮೀಬಾಗೆ ಮಾತ್ರ ತಗಲೋದು. 2016ರಲ್ಲಿ ರಷ್ಯಾದ ಯಮಾಲ್‌ನಲ್ಲಿ ಆಂಥ್ರಾಕ್ಸ್ ಬಂದು ಸಾವಿರಾರು ಹಿಮಸಾರಂಗ ಸತ್ತು ಒಬ್ಬ ಹುಡುಗನೂ ತೀರಿಹೋಗಿದ್ದಕ್ಕೆ ಕರಗಿದ ನೆಲದಿಂದ ಬಂದ ಬೀಜಾಣು ಕಾರಣ ಅಂತಾರೆ. ಅದು ನಿಜವಾದ ಭಯ, ತಳ್ಳಿಹಾಕೋ ಹಾಗಿಲ್ಲ. ಆದ್ರೆ ಸಮುದ್ರದ ಐಸ್ ಬಹುಪಾಲು ಒಂದೇ ವರ್ಷದ್ದು, ಹೋದ ಚಳಿಗಾಲ ಹುಟ್ಟಿದ್ದು ಈ ಬೇಸಿಗೆಗೆ ಹೋಗತ್ತೆ. ಆರ್ಕ್ಟಿಕ್‌ನ ಹಳೇ ಐಸ್ ಕೂಡ ಕೆಲವೇ ವರ್ಷದ್ದು. ಅದರೊಳಗಿರೋದು ಕಳೆದ ಶರತ್ಕಾಲದಲ್ಲಿ ಸಮುದ್ರದಲ್ಲೇ ಇದ್ದ ಜೀವಿಗಳು. ಮೇಲಾಗಿ ಇಂಥ ಚಳಿಪ್ರಿಯ ಬ್ಯಾಕ್ಟೀರಿಯಾಗೆ ನಮ್ಮ ಮೈಯ 37 ಡಿಗ್ರಿ ಬೆಂಕಿಯ ಹಾಗೆ, ಕೋಲ್ವೆಲಿಯಾ ಸೈಕ್ರೆರಿಥ್ರಿಯಾ ಅನ್ನೋ ಅಂಥ ಒಂದು ಬ್ಯಾಕ್ಟೀರಿಯಾಗೆ 20 ಡಿಗ್ರಿ ಕೂಡ ಜಾಸ್ತಿನೇ. ಹುಡುಗರಿಗೆ ಧೈರ್ಯ ಹೇಳಿ. ರೋಗದ ವಿಷಯದಲ್ಲಿ ಒಂದು ಬೇರೆ ಥರದ ಅಪಾಯ ಮಾತ್ರ ಇದೆ: ಐಸ್ ಕಮ್ಮಿ ಆದಂಗೆ ಅಟ್ಲಾಂಟಿಕ್ ಕಡೆಯ ಸೀಲ್‌ಗಳ ಡಿಸ್ಟೆಂಪರ್ ವೈರಸ್ ಪೆಸಿಫಿಕ್ ಕಡೆಗೆ ದಾಟಿದ್ದಕ್ಕೂ ತೆರೆದ ನೀರಿನ ದಾರಿಗೂ ನಂಟಿದೆ ಅಂತ 2019ರ ಅಧ್ಯಯನ ಒಂದು ಹೇಳತ್ತೆ. ಅಲ್ಲಿ ರೋಗ ಐಸೊಳಗಿಂದ ಬಂದಿಲ್ಲ, ಅಡ್ಡ ಇದ್ದ ಐಸ್ ಹೋಗಿದ್ದರಿಂದ ದಾಟ್ತು.

ಈಗ ಸ್ಟಾಫ್ ರೂಮಿನ ವಾದ. ನಿಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ತಪ್ಪಲ್ಲ, ಅದಕ್ಕೇ ಅದು ಅಪಾಯದ ವಾದ. 1998ರಿಂದ 2018ರ ನಡುವೆ ಆರ್ಕ್ಟಿಕ್ ಸಾಗರದಲ್ಲಿ ಪಾಚಿಯ ಉತ್ಪಾದನೆ ಶೇಕಡಾ 57 ಜಾಸ್ತಿ ಆಗಿದೆ ಅಂತ ಸ್ಟ್ಯಾನ್‌ಫರ್ಡ್‌ನವರ ಉಪಗ್ರಹ ಆಧಾರಿತ ಲೆಕ್ಕ ಇದೆ. 2011ರಲ್ಲಿ ಚುಕ್ಚಿ ಸಮುದ್ರದಲ್ಲಿ ತೆಳು ಐಸ್ ಕೆಳಗೇ ನೀರಲ್ಲಿ ದೊಡ್ಡ ಪಾಚಿ ಬೆಳೆ ಕಂಡು ಎಲ್ಲರೂ ಬೆರಗಾದ್ರು. ಆದ್ರೆ ಅದು ನೀರಿನ ಪಾಚಿ, ಐಸ್ ಪಾಚಿ ಬೇರೆ. ಐಸ್ ಪಾಚಿ ವರ್ಷದಲ್ಲಿ ಮೊದಲು ಬರೋ ಊಟ, ನೀರಲ್ಲಿ ಇನ್ನೂ ಏನೂ ಬೆಳೆಯದ ಹೊತ್ತಿಗೆ ಕೊಬ್ಬು ತುಂಬ್ಕೊಂಡು ರೆಡಿ ಇರತ್ತೆ. ಕ್ಯಾಲನಸ್ ಗ್ಲೇಶಿಯಾಲಿಸ್ ಅನ್ನೋ ಕೋಪೆಪಾಡ್ (ನೀರಲ್ಲಿ ತೇಲೋ ಸಿಗಡಿ ಜಾತಿಯ ಸಣ್ಣ ಪ್ರಾಣಿ) ತಾಯಿ ಐಸ್ ಪಾಚಿ ತಿಂದು ಮೊಟ್ಟೆ ಇಡತ್ತೆ, ಮೊಟ್ಟೆ ಒಡೆದು ಮರಿ ತಿನ್ನೋ ವಯಸ್ಸಿಗೆ ಬರೋ ಹೊತ್ತಿಗೆ ನೀರಿನ ಪಾಚಿ ಬರತ್ತೆ. ಈ ಎರಡು ಊಟದ ಮಧ್ಯದ ಅಂತರ ಕೆಟ್ಟರೆ ಒಟ್ಟು ಪಾಚಿ ಎಷ್ಟೇ ಜಾಸ್ತಿ ಆದ್ರೂ ಆ ಮರಿಗೆ ಪ್ರಯೋಜನ ಇಲ್ಲ, ಅದನ್ನ ತಿನ್ನೋ ಪೋಲಾರ್ ಕಾಡ್ ಮೀನಿಗೂ ಇಲ್ಲ. ಹಳೇ ಐಸ್ ಹೋಗ್ತಾ ಇರೋದೂ ಒಂದು ನಷ್ಟ. 1985ರ ಮಾರ್ಚಲ್ಲಿ ಆರ್ಕ್ಟಿಕ್ ಐಸಲ್ಲಿ ಸುಮಾರು ಮೂರನೇ ಒಂದು ಭಾಗ ನಾಲ್ಕು ವರ್ಷ ದಾಟಿದ್ದು, 2019ಕ್ಕೆ ಅದು ಶೇಕಡಾ ಒಂದರ ಆಸುಪಾಸಿಗೆ ಇಳಿದಿತ್ತು. 2012ರಲ್ಲಿ, ಬೇಸಿಗೆ ಐಸ್ ದಾಖಲೆ ಮಟ್ಟಕ್ಕೆ ಕುಸಿದು 34 ಲಕ್ಷ ಚದರ ಕಿಲೋಮೀಟರ್ ಆದ ವರ್ಷ, ಪೋಲಾರ್‌ಸ್ಟರ್ನ್ ಹಡಗಲ್ಲಿ ಹೋದವರು 4,000 ಮೀಟರ್ ಆಳದ ಸಮುದ್ರದ ತಳದಲ್ಲಿ ಮೆಲೋಸಿರಾ ಮುದ್ದೆ ಮುದ್ದೆಯಾಗಿ ಬಿದ್ದಿರೋದನ್ನ ನೋಡಿದ್ರು. ಐಸ್ ಕರಗಿ ಹಿಡ್ಕೊಳ್ಳೋಕೆ ಜಾಗ ಇಲ್ಲದೆ ಮುಳುಗಿದ್ದು ಅದು. ಮೇಲಿನವರ ಊಟ ತಳದಲ್ಲಿರೋ ಸಮುದ್ರ ಸೌತೆ ಅನ್ನೋ ಪ್ರಾಣಿಗಳ ಪಾಲಾಯ್ತು. ದಕ್ಷಿಣದಲ್ಲೂ 2023ರ ಫೆಬ್ರವರಿಯಲ್ಲಿ ಐಸ್ 18 ಲಕ್ಷ ಚದರ ಕಿಲೋಮೀಟರಿಗಿಂತ ಕೆಳಗಿಳಿದು ಉಪಗ್ರಹ ದಾಖಲೆಯಲ್ಲೇ ಕನಿಷ್ಠ ಆಯ್ತು. ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ, ಯಾರಿಗೆ ಅಂತ ತಿರುಗಿ ಕೇಳಿ.

ಕೊನೆಗೆ ನಿಮ್ಮ ಡೀಪ್ ಫ್ರೀಜರ್. ಎಲ್ಲಕ್ಕಿಂತ ಸುಲಭ, ನಂಬಿಕಸ್ತ ಪ್ರಯೋಗ ಅಂದ್ರೆ ಸಮುದ್ರದ ಐಸನ್ನೇ ಮಾಡೋದು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಗೊಂಡು ಸುತ್ತ ಮತ್ತೆ ತಳಕ್ಕೆ ದಪ್ಪ ಥರ್ಮಾಕೋಲ್ ಹಾಕಿ, ಮೇಲೆ ಮಾತ್ರ ತೆರೆದಿರಲಿ, ಆಗ ಚಳಿ ಸಮುದ್ರದ ಥರ ಮೇಲಿಂದ ಕೆಳಗೆ ಇಳಿಯತ್ತೆ. ಇದು ಮಾಡದಿದ್ರೆ ಎಲ್ಲಾ ಕಡೆಯಿಂದ ಹೆಪ್ಪುಗಟ್ಟಿ ಏನೂ ಅರ್ಥ ಆಗಲ್ಲ. ಲೀಟರಿಗೆ 35 ಗ್ರಾಂ ಉಪ್ಪಿನ ನೀರು, ಒಂದೆರಡು ಹನಿ ಫುಡ್ ಕಲರ್, ಪಕ್ಕದಲ್ಲಿ ಹೋಲಿಕೆಗೆ ಉಪ್ಪಿಲ್ಲದ ನೀರಿನ ಇನ್ನೊಂದು ಡಬ್ಬಿ. ಮೂರ್ನಾಲ್ಕು ಸೆಂಟಿಮೀಟರ್ ಐಸ್ ಆದ ಕೂಡ್ಲೇ ತೆಗೀರಿ, ಮರೆತು ರಾತ್ರಿ ಪೂರ್ತಿ ಬಿಟ್ರೆ ಮೈನಸ್ 18ರಲ್ಲಿ ತಳದವರೆಗೂ ಗಟ್ಟಿಯಾಗಿ ಕೊಳವೆ ಕಾಣಲ್ಲ. ಐಸ್ ಹಿಗ್ಗತ್ತೆ, ಹಾಗಾಗಿ ಗಾಜಿನ ಪಾತ್ರೆ ಬೇಡವೇ ಬೇಡ, ಕೆಳಗಿನ ನೀರಿಗೆ ಹೊರಗೆ ಬರೋಕೆ ಒಂದು ಸಣ್ಣ ಪೈಪ್ ಇಟ್ರೆ ಒಳ್ಳೇದು. ಐಸ್ ತುಂಡು ಕರಗಿಸಿ ಉಪ್ಪು ಅಳೀರಿ, ಕೆಳಗೆ ಉಳಿದ ನೀರಿಂದೂ ಅಳೀರಿ. ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಇಲ್ಲದಿದ್ರೆ ನಿಮ್ಮ ಕರಾವಳಿ ಕಡೆ ಸಿಗಡಿ ಸಾಕೋರ ಹತ್ರ ಇರತ್ತೆ, ಕೇಳಿ ತಗೊಳ್ಳಿ.

ಎರಡನೇದು ಸ್ವಲ್ಪ ಧೈರ್ಯದ್ದು. ಅರಬ್ಬೀ ಸಮುದ್ರದ ನೀರು ತಂದು ಡಯಾಟಮ್ ಎಣಿಸಿ, ಹೆಪ್ಪುಗಟ್ಟಿಸಿ, ಒಂದು ತುಂಡನ್ನ ಹಾಗೇ ಕರಗಿಸಿ, ಇನ್ನೊಂದನ್ನ ಸೋಸಿದ ಸಮುದ್ರದ ನೀರಲ್ಲಿ ನಿಧಾನಕ್ಕೆ ಕರಗಿಸಿ, ಮತ್ತೆ ಎಣಿಸಿ. ಗಾಢ ಬ್ರೈನಲ್ಲಿದ್ದ ಕೋಶ ಇದ್ದಕ್ಕಿದ್ದಂಗೆ ಸಪ್ಪೆ ನೀರಿಗೆ ಬಿದ್ರೆ ಉಬ್ಬಿ ಒಡೆಯತ್ತೆ, ಇದು ಧ್ರುವದ ಕೋರ್ ಕರಗಿಸೋವಾಗ ನಮಗೂ ದಿನನಿತ್ಯದ ತಲೆನೋವು. ಎಚ್ಚರ ಏನಂದ್ರೆ ಇವು ಉಷ್ಣವಲಯದ ಜೀವಿ, ಬಹುಪಾಲು ಸಾಯ್ತವೆ, ಅದನ್ನ ನೋಡಿ "ಐಸಲ್ಲಿ ಜೀವ ಉಳಿಯಲ್ಲ" ಅಂತ ರಿಪೋರ್ಟ್ ಬರೆದ್ರೆ ಎಲ್ಲಾ ಕೆಟ್ಟಹಾಗೆ. ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಬೆಳೆಸೋದಾದ್ರೆ ಏನು ಬರತ್ತೆ ಅಂತ ಗೊತ್ತಿರಲ್ಲ, ಮುಚ್ಚಳ ಟೇಪ್ ಮಾಡಿ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸಿ ಎಲ್ಲಾ ಸೂಕ್ಷ್ಮಜೀವಿ ಕೊಲ್ಲೋದು) ಮಾಡದೇ ಎಸೀಬೇಡಿ, ಮತ್ತೆ ಆ ಫ್ರೀಜರಲ್ಲಿ ಯಾರೂ ಟಿಫನ್ ಇಡಬಾರದು.

ಕಲ್ಚರ್ ಕಲೆಕ್ಷನ್‌ಗಳಿಂದ ಚಳಿಪ್ರಿಯ ಬ್ಯಾಕ್ಟೀರಿಯಾ ತರಿಸೋದು ಮೂರನೇ ದಾರಿ. ಅದಕ್ಕೆ 4 ಡಿಗ್ರಿಯ ಇನ್‌ಕ್ಯುಬೇಟರ್, ಜನರೇಟರ್ ಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗೋದು ನೋಡಿದ್ರೆ ನಾನಾದ್ರೆ ಕೈ ಹಾಕಲ್ಲ.

ಹುಡುಗಿಗೆ ಇದರಲ್ಲೇ ಮುಂದೆ ಹೋಗೋ ಆಸೆ ಇದ್ರೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಹತ್ತಿರಾನೇ ಇದೆ, ಎಮ್ಮೆಸ್ಸಿ ಡಿಸರ್ಟೇಶನ್‌ಗೆ ಅಲ್ಲಿ ಯಾರು ಯಾವ ಕೆಲಸ ಮಾಡ್ತಿದಾರೆ ಅಂತ ನೋಡಿ ನೇರ ಆ ವಿಜ್ಞಾನಿಗೇ ಮೇಲ್ ಹಾಕಲಿ. ಒಂದು ಮಾತ್ರ ಮೊದಲೇ ಹೇಳಿಬಿಡಿ, ಅಂಟಾರ್ಕ್ಟಿಕಾದಲ್ಲಿರೋ ಭಾರತದ ಮೈತ್ರಿ ಸ್ಟೇಷನ್ ಸಮುದ್ರದಿಂದ ಸುಮಾರು 100 ಕಿಲೋಮೀಟರ್ ಒಳಗಿದೆ, ಅಲ್ಲಿಂದ ಬಂದಿರೋ ಮೈಕ್ರೋಬಯಾಲಜಿ ಕೆಲಸ ಹೆಚ್ಚಾಗಿ ಸರೋವರ ಮತ್ತೆ ಮಣ್ಣಿಂದು. ಸಮುದ್ರದ ಐಸೇ ಬೇಕು ಅಂದ್ರೆ ಕರಾವಳಿಯಲ್ಲಿರೋ ಭಾರತಿ ಸ್ಟೇಷನ್ ಕಡೆ, ಇಲ್ಲ ಉತ್ತರದಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರೋ ನಮ್ಮ ಹಿಮಾದ್ರಿ ಸ್ಟೇಷನ್ ಕಡೆಯ ಫಿಯೋರ್ಡ್ (ಬೆಟ್ಟಗಳ ಮಧ್ಯೆ ನುಗ್ಗಿದ ಕಡಲ ಚಾಚು) ಕೆಲಸದ ಕಡೆ ನೋಡಬೇಕು. ಅರ್ಜಿ ಹಾಕೋವಾಗ ಫ್ರೀಜರಲ್ಲಿ ಮಾಡಿದ ಪ್ರಯೋಗದ ಉಪ್ಪಿನ ಅಳತೆ, ಫೋಟೋ, ಕೋಶದ ಎಣಿಕೆ ಜೊತೆಗಿಟ್ರೆ ಬರೀ ಮಾರ್ಕ್ಸ್ ಕಾರ್ಡಿಗಿಂತ ತೂಕ ಜಾಸ್ತಿ, ಹಾಗಾಗಿ ಮೊದಲ ದಿನದಿಂದಾನೇ ಪ್ರತಿ ಡಬ್ಬಿಯ ತಾಪಮಾನ ನೋಟ್‌ಬುಕ್ಕಲ್ಲಿ ಬರೆದಿಡೋಕೆ ಹೇಳಿ.